ಬಾಯಿಮಾತಿನ ಆದೇಶಕ್ಕೆ ಕಾಗದ ಕೇಳಿ: ವಿಶ್ವವಿದ್ಯಾಲಯಗಳ ಸ್ವಾತಂತ್ರ್ಯ ಕುರಿತು ಓದುಗರ ಪ್ರಶ್ನೋತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಕಾಣಿಸಿದೆ: ‘ಮೇಲಿನಿಂದ ಫೋನ್ ಬಂತು.’ ಪಾಠ, ಸಂಶೋಧನೆ, ಭಾಷಣ, ಬರಹ ಇವುಗಳ ಮೇಲೆ ರಾಜಕೀಯ ಒತ್ತಡ ಬಂದಾಗ ಏನು ಮಾಡಬಹುದು ಎಂದು ಕೇಳಿದವರಿಗೆ ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರು, ಅವರ ಸಂಸ್ಥೆಯ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಇತಿಹಾಸ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ವಿಭಾಗದ ವಿಚಾರ ಸಂಕಿರಣಕ್ಕೆ ಭಾಷಣಕಾರರನ್ನು ಒಪ್ಪಿಸಿ ಆಹ್ವಾನ ಪತ್ರಿಕೆಯನ್ನೂ ಅಚ್ಚು ಹಾಕಿಸಿದ್ದೆವು. ಎರಡು ದಿನ ಇರುವಾಗ ಪ್ರಾಂಶುಪಾಲರು ‘ಮೇಲಿನಿಂದ ಫೋನ್ ಬಂದಿದೆ, ಅವರನ್ನು ಕೈಬಿಡಿ’ ಅಂದರು. ಯಾರು ಮಾಡಿದ್ದು, ಯಾಕೆ ಎಂದು ಹೇಳಲಿಲ್ಲ. ಇನ್ನೊಮ್ಮೆ ಹೀಗಾದರೆ ಏನು ಮಾಡಲಿ?
— ಉಪನ್ಯಾಸಕಿ, ಶಿರಾ

ಉತ್ತರ: ಕಾರ್ಯಕ್ರಮ ನಿಂತ ದಿನ ಮಾಡಬೇಕಾದದ್ದಕ್ಕಿಂತ, ಒಂದು ತಿಂಗಳ ಮುಂಚೆ ಮಾಡಬೇಕಾಗಿದ್ದ ಕೆಲಸವೇ ಇಲ್ಲಿ ಮುಖ್ಯ. ನಮ್ಮ ಕಾಲೇಜುಗಳಲ್ಲಿ ಬಹುಪಾಲು ಕಾರ್ಯಕ್ರಮಗಳಿಗೆ ಪ್ರಾಂಶುಪಾಲರು ಕಾರಿಡಾರಿನಲ್ಲಿ ‘ಆಗಲಿ ಮಾಡಿ’ ಅಂದದ್ದೇ ಅನುಮತಿ. ಬಾಯಲ್ಲಿ ಕೊಟ್ಟದ್ದನ್ನು ಬಾಯಲ್ಲೇ ಹಿಂತೆಗೆದುಕೊಳ್ಳುವುದು ಬಹಳ ಸುಲಭ. ಹಾಗಾಗಿ ಮೊದಲು ವಿಭಾಗದ ಸಭೆ ಮಾಡಿ. ಅದರ ನಡಾವಳಿಯಲ್ಲಿ ನಾಲ್ಕು ವಿಷಯ ಇರಲಿ: ಸಂಕಿರಣ ಯಾವ ಸೆಮಿಸ್ಟರಿನ ಯಾವ ಪತ್ರಿಕೆಗೆ, ಯಾವ ಘಟಕಕ್ಕೆ ಸಂಬಂಧಿಸಿದ್ದು, ಭಾಷಣಕಾರರ ಹೆಸರು, ಅವರನ್ನೇ ಆರಿಸಿದ್ದಕ್ಕೆ ಅವರ ಪ್ರಕಟಿತ ಕೆಲಸದ ಆಧಾರ, ಖರ್ಚು ಎಲ್ಲಿಂದ. ವಿಭಾಗದ ಎಲ್ಲರೂ ಸಹಿ ಹಾಕಿದ ಮೇಲೆ ಟಿಪ್ಪಣಿ ಹಾಳೆಯಲ್ಲಿ ಪ್ರಾಂಶುಪಾಲರ ಒಪ್ಪಿಗೆ ಪಡೆಯಿರಿ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಬೇಕಾದದ್ದು ಅದಾದ ಮೇಲೆ.

ಇಷ್ಟಾದರೂ ಫೋನ್ ಬಂದರೆ, ಅದೇ ದಿನ ಮೂರು ಸಾಲಿನ ಪತ್ರ ಬರೆಯಿರಿ: ‘ದಿನಾಂಕ ಇಂಥ ದಿನ ತಾವು ಒಪ್ಪಿದ ಕಾರ್ಯಕ್ರಮದಿಂದ ಇಂಥ ಭಾಷಣಕಾರರನ್ನು ಕೈಬಿಡುವಂತೆ ಇಂದು ಮೌಖಿಕವಾಗಿ ಸೂಚಿಸಿದ್ದೀರಿ. ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಲಿಖಿತ ಆದೇಶ ಬರುವವರೆಗೆ ಕಾರ್ಯಕ್ರಮ ನಿಗದಿಯಂತೆ ಇದೆ ಎಂದು ಭಾವಿಸುತ್ತೇವೆ.’ ಟಪಾಲಿನಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಕಾಲೇಜಿನ ಇಮೇಲ್‌ಗೂ ಕಳಿಸಿ, ಕಳಿಸಿದ ಸಮಯ ಅದರಲ್ಲಿ ದಾಖಲಾಗಿ ಉಳಿಯುತ್ತದೆ. ಪತ್ರದಲ್ಲಿ ಆಕ್ಷೇಪ, ಸಿಟ್ಟು, ಸಂವಿಧಾನದ ಉಲ್ಲೇಖ ಏನೂ ಬೇಡ. ಕಾಗದದ ಮೇಲೆ ಹೆಸರು ಬೀಳುತ್ತದೆ ಎಂದಾದಾಗ ಹಲವು ಫೋನ್‌ಗಳು ಅಲ್ಲಿಗೇ ತಣ್ಣಗಾಗುತ್ತವೆ.

ಲಿಖಿತ ಉತ್ತರ ಬಂದರೆ ಅದರಲ್ಲಿ ಸಾಮಾನ್ಯವಾಗಿ ‘ಕಾನೂನು ಸುವ್ಯವಸ್ಥೆ’ ಎಂದಿರುತ್ತದೆ. ಆಗ, ಪೊಲೀಸರು ಬರೆದು ಕೊಟ್ಟ ಸಲಹೆ ಇದೆಯೇ ಎಂದು ಕೇಳಿ. ಗಲಾಟೆಯ ಸಾಧ್ಯತೆಯನ್ನು ಅಂದಾಜು ಮಾಡುವುದು, ಬಂದೋಬಸ್ತ್ ಕೊಡುವುದು ಪೊಲೀಸರ ಕೆಲಸ. ‘ಗಲಾಟೆ ಮಾಡುತ್ತೇವೆ’ ಎಂದವರ ಮಾತಿಗೆ ಭಾಷಣಕಾರರನ್ನು ಕೈಬಿಟ್ಟರೆ, ಮುಂದಿನ ಸಲ ಯಾರನ್ನು ಕರೆಯಬೇಕು ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ.

ಇನ್ನೊಂದು ವಿಷಯ. ಸರ್ಕಾರಿ ಪದವಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರು ಅಧ್ಯಕ್ಷರಾಗಿರುತ್ತಾರೆ. ಕಟ್ಟಡ, ಬೆಂಚು, ಕುಡಿಯುವ ನೀರು, ಶೌಚಾಲಯ ಎಲ್ಲಕ್ಕೂ ಪ್ರಾಂಶುಪಾಲರು ಅವರ ಬಳಿಗೆ ಹೋಗಲೇಬೇಕು. ಒತ್ತಡ ಬರುವ ದಾರಿಯೂ ಅದೇ. ಆದರೆ ಆ ಸಮಿತಿ ಇರುವುದು ಕಾಲೇಜಿನ ಅಭಿವೃದ್ಧಿಗೆ. ಯಾವ ಪತ್ರಿಕೆಗೆ ಯಾರು ಉಪನ್ಯಾಸ ಕೊಡಬೇಕು ಎಂಬ ತೀರ್ಮಾನ ವಿಭಾಗದ್ದು.

ಅತಿಥಿ ಉಪನ್ಯಾಸಕರಿಗೆ ಮುಖ್ಯವಾದ ಮಾತು: ಆ ಮೂರು ಸಾಲಿನ ಪತ್ರಕ್ಕೆ ನೀವೊಬ್ಬರೇ ಸಹಿ ಹಾಕಬೇಡಿ. ನಿಮ್ಮ ನೇಮಕ ಶೈಕ್ಷಣಿಕ ವರ್ಷಕ್ಕೆ ಸೀಮಿತ. ಮುಂದಿನ ವರ್ಷ ನಿಮ್ಮನ್ನು ಬಿಡಲು ಯಾರೂ ಕಾರಣ ಬರೆಯಬೇಕಾಗಿಲ್ಲ. ಸಹಿ ವಿಭಾಗದ ಮುಖ್ಯಸ್ಥರದ್ದಾಗಿರಲಿ, ಕಾಯಂ ಅಧ್ಯಾಪಕರದ್ದಾಗಿರಲಿ. ಅವರು ಹಿಂದೆ ನಿಂತು ನಿಮ್ಮನ್ನು ಮುಂದೆ ತಳ್ಳಿದರೆ ಅದು ಅನ್ಯಾಯ, ಅದನ್ನು ಅವರಿಗೆ ಹೇಳಲು ಸಂಕೋಚ ಬೇಡ.

ಪ್ರಶ್ನೆ: ಪಾಠ ಹೇಳುವ, ಸಂಶೋಧನೆ ಮಾಡುವ ಸ್ವಾತಂತ್ರ್ಯ ನಮ್ಮ ಸಂವಿಧಾನದಲ್ಲಿ ಇದೆಯೇ?
— ಬಿ.ಎ. ವಿದ್ಯಾರ್ಥಿ, ಬಂಗಾರಪೇಟೆ

ಉತ್ತರ: ಆ ಹೆಸರಿನಲ್ಲಿ ಇಲ್ಲ. ಜರ್ಮನಿಯ ಮೂಲ ಕಾನೂನಿನ 5ನೇ ವಿಧಿ ಕಲೆ, ವಿಜ್ಞಾನ, ಸಂಶೋಧನೆ, ಬೋಧನೆ ಸ್ವತಂತ್ರ ಎಂದು ನೇರವಾಗಿ ಹೇಳುತ್ತದೆ. ನಮ್ಮಲ್ಲಿ ಅದನ್ನು 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಿಂದ ಬಿಡಿಸಿಕೊಳ್ಳಬೇಕು. ಅದಕ್ಕೆ 19(2)ರ ಮಿತಿಗಳೂ ಇವೆ. ವೈಜ್ಞಾನಿಕ ಮನೋಭಾವವನ್ನು 51ಎ(ಎಚ್) ನಾಗರಿಕರ ಕರ್ತವ್ಯವೆಂದಿದೆ, ಆದರೆ ಅದು ಹಕ್ಕಲ್ಲ. ಯುನೆಸ್ಕೊ 1997ರ ನವೆಂಬರಿನಲ್ಲಿ ಉನ್ನತ ಶಿಕ್ಷಣದ ಬೋಧಕರ ಬಗ್ಗೆ ಅಂಗೀಕರಿಸಿದ ಶಿಫಾರಸಿನಲ್ಲಿ ಈ ಸ್ವಾತಂತ್ರ್ಯದ ಒಳ್ಳೆಯ ವಿವರಣೆ ಇದೆ: ಬೋಧಿಸುವ, ಚರ್ಚಿಸುವ, ಸಂಶೋಧಿಸಿ ಪ್ರಕಟಿಸುವ, ತಾನು ಕೆಲಸ ಮಾಡುವ ಸಂಸ್ಥೆಯ ಬಗ್ಗೆಯೇ ಅಭಿಪ್ರಾಯ ಹೇಳುವ ಸ್ವಾತಂತ್ರ್ಯ. ಅದು ಶಿಫಾರಸು ಮಾತ್ರ, ನಮ್ಮ ನ್ಯಾಯಾಲಯದಲ್ಲಿ ಅದನ್ನೇ ಹಿಡಿದು ಗೆಲ್ಲಲಾಗದು. ದಿನನಿತ್ಯದ ರಕ್ಷಣೆ ಬರುವುದು ವಿಶ್ವವಿದ್ಯಾಲಯದ ಕಾಯ್ದೆ, ಅದರಡಿಯ ಪರಿನಿಯಮ (ಸ್ಟ್ಯಾಚ್ಯೂಟ್), ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಗಳಿಂದ. ಈ ಅಂಕಣದ ಉಳಿದ ಉತ್ತರಗಳಲ್ಲಿ ಅವೇ ಹೆಚ್ಚಾಗಿ ಬರಲು ಇದು ಕಾರಣ.

ಪ್ರಶ್ನೆ: ಖಾಸಗಿ ಅನುದಾನಿತ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ. ತರಗತಿಯಲ್ಲಿ ಆಡಿದ ಮಾತಿನ 40 ಸೆಕೆಂಡ್ ತುಣುಕನ್ನು ಯಾರೋ ವಾಟ್ಸ್ಆ್ಯಪ್‌ನಲ್ಲಿ ಹರಿಬಿಟ್ಟಿದ್ದಾರೆ. ‘ಧಾರ್ಮಿಕ ಭಾವನೆಗೆ ಧಕ್ಕೆ’ ಎಂದು ಠಾಣೆಗೆ ದೂರು ಹೋಗಿದೆಯಂತೆ. ಆಡಳಿತ ಮಂಡಳಿ ‘ಕ್ಷಮಾಪಣೆ ಬರೆದುಕೊಟ್ಟುಬಿಡಿ, ಮುಗಿಸೋಣ’ ಅನ್ನುತ್ತಿದೆ.
— ಅಧ್ಯಾಪಕರು, ಚಿಕ್ಕಬಳ್ಳಾಪುರ

ಉತ್ತರ: ಕ್ಷಮಾಪಣೆ ಪತ್ರಕ್ಕೆ ಇವತ್ತು ಸಹಿ ಹಾಕಬೇಡಿ. ‘ಮುಗಿಸಲು’ ಎಂದು ಬರೆಸಿಕೊಂಡ ಪತ್ರವೇ ನಾಳೆ ಇಲಾಖಾ ವಿಚಾರಣೆಯಲ್ಲಿ ತಪ್ಪೊಪ್ಪಿಗೆಯಾಗಿ ಓದಲ್ಪಡುತ್ತದೆ. ಆಡಳಿತ ಮಂಡಳಿ ಒತ್ತಾಯಿಸಿದರೆ ‘ವಕೀಲರ ಸಲಹೆ ಪಡೆದು ಉತ್ತರಿಸುತ್ತೇನೆ, ಏಳು ದಿನ ಕೊಡಿ’ ಎಂದು ಬರೆದು ಕೊಡಿ.

ಮೊದಲ ದಿನವೇ ಒಟ್ಟುಮಾಡಬೇಕಾದವು ಇವು: ಆ ದಿನದ ಹಾಜರಿ ಪುಸ್ತಕದ ಪ್ರತಿ, ವೇಳಾಪಟ್ಟಿ, ಪಠ್ಯಕ್ರಮದಲ್ಲಿ ಆ ವಿಷಯ ಬರುವ ಘಟಕ, ನಿಮ್ಮ ಪಾಠದ ಟಿಪ್ಪಣಿ, ಅದಕ್ಕೆ ಆಧಾರವಾದ ಪುಸ್ತಕದ ಪುಟ. ತುಣುಕಿನ ಹಿಂದೆ ಮುಂದೆ ಏನು ಹೇಳಿದಿರಿ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದು ದಿನಾಂಕ ಹಾಕಿ. ತರಗತಿಯಲ್ಲಿದ್ದ ವಿದ್ಯಾರ್ಥಿಗಳನ್ನು ಕರೆದು ಸಾಕ್ಷಿ ಹೇಳಿಸಲು ಹೋಗಬೇಡಿ. ಒತ್ತಡ ಹಾಕಿದಿರಿ ಎಂಬ ಇನ್ನೊಂದು ಆರೋಪಕ್ಕೆ ಅದು ದಾರಿ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಮಜಾಯಿಷಿ ಬರೆಯುವುದೂ ಬೇಡ.

ಪೊಲೀಸ್ ವಿಷಯಕ್ಕೆ ಬರೋಣ. ಇಂಥ ದೂರಿನಲ್ಲಿ ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ) ಮತ್ತು 299 (ಧಾರ್ಮಿಕ ಭಾವನೆ ಕೆರಳಿಸುವುದು). ಎರಡಕ್ಕೂ ಸಾಮಾನ್ಯ ಸಂದರ್ಭದಲ್ಲಿ ಗರಿಷ್ಠ ಶಿಕ್ಷೆ 3 ವರ್ಷ. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಎಫ್ಐಆರ್‌ಗೆ ಮುಂಚೆ, ಡಿವೈಎಸ್ಪಿ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯ ಅನುಮತಿ ಪಡೆದು, 14 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ನಡೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3) ಅವಕಾಶ ಕೊಡುತ್ತದೆ. ಮಾತು, ಬರಹದ ಮೇಲಿನ ದೂರುಗಳಲ್ಲಿ ಈ ವಿಚಾರಣೆ ನಡೆಸುವುದೇ ಸೂಕ್ತ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಹೇಳಿದೆ. ಆಡಿದ ಮಾತನ್ನು ದೃಢ ಮನಸ್ಸಿನ, ವಿವೇಕಿ ವ್ಯಕ್ತಿಯ ಅಳತೆಯಿಂದ ನೋಡಬೇಕು, ಎಲ್ಲದರಲ್ಲೂ ಅಪಾಯ ಕಾಣುವವರ ಅಳತೆಯಿಂದ ಅಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಈ ಎರಡನ್ನೂ ಉಲ್ಲೇಖಿಸಿ ವಕೀಲರ ಮೂಲಕ ಡಿವೈಎಸ್ಪಿ ಅವರಿಗೆ ಮನವಿ ಕೊಡಿ. ಎಫ್ಐಆರ್ ಆಗಿಬಿಟ್ಟಿದ್ದರೆ, ವಿಚಾರಣೆಗೆ ಹಾಜರಾಗಿ ಎಂದು ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಬರಬೇಕು. ಅದರಂತೆ ತಪ್ಪದೆ ಹಾಜರಾದವರನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ಇಲ್ಲಿ ಎಡವುವವರು ಬಹಳ: ಭಯದಿಂದ ಫೋನ್ ಆಫ್ ಮಾಡಿ ಊರು ಬಿಡುತ್ತಾರೆ, ಅದೇ ಬಂಧನಕ್ಕೆ ಕಾರಣವಾಗುತ್ತದೆ. 299ಕ್ಕೆ ‘ಉದ್ದೇಶಪೂರ್ವಕ, ದುರುದ್ದೇಶದ’ ಕೃತ್ಯ ಎಂದು ಸಾಬೀತಾಗಬೇಕು. ಪಠ್ಯಕ್ರಮದ ಪುಟ, ಪಾಠದ ಟಿಪ್ಪಣಿ ಅಷ್ಟು ಮುಖ್ಯವೆಂದದ್ದು ಇದಕ್ಕೇ. ನ್ಯಾಯಾಲಯ ಈ ಕಲಮುಗಳಡಿ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿಯೂ ಬೇಕು (ಸುರಕ್ಷಾ ಸಂಹಿತೆಯ ಕಲಂ 217).

ಆಡಳಿತ ಮಂಡಳಿ ಕೆಲಸದಿಂದಲೇ ತೆಗೆದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು. ಜಿಲ್ಲಾ ನ್ಯಾಯಾಧೀಶರೇ ಅದರ ಅಧಿಕಾರಿ. ‘ಸಂಧಾನ ನಡೀತಾ ಇದೆ, ಸ್ವಲ್ಪ ತಡೀರಿ’ ಎಂಬ ಭರವಸೆಯಲ್ಲಿ ಆ ಮೂರು ತಿಂಗಳು ಕಳೆದುಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ: ಪಠ್ಯ ರೂಪಿಸುವ ಕನ್ನಡ ಅಧ್ಯಯನ ಮಂಡಳಿಯ ಸದಸ್ಯ. ಪದವಿ ಪಠ್ಯದಿಂದ ಒಂದು ಪಾಠ ತೆಗೆಯುವಂತೆ ಸಂಘಟನೆಯೊಂದು ಮನವಿ ಕೊಟ್ಟಿದೆ. ಮಂಡಳಿಯ ಸಭೆ ಕರೆಯದೆಯೇ ‘ತೆಗೆದುಬಿಡಿ’ ಎಂಬ ಸೂಚನೆ ಬಂದಿದೆ.
— ಪ್ರಾಧ್ಯಾಪಕರು, ತುಮಕೂರು

ಉತ್ತರ: ದೆಹಲಿ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ನಡೆದದ್ದು ನಿಮ್ಮ ಮುಂದಿರಲಿ. ಮೈಸೂರಿನವರೇ ಆದ ಎ.ಕೆ. ರಾಮಾನುಜನ್ ಅವರ, ರಾಮಾಯಣಗಳ ವೈವಿಧ್ಯ ಕುರಿತ ಪ್ರಬಂಧ ಅಲ್ಲಿನ ಇತಿಹಾಸ ಪದವಿ ಪಠ್ಯದಲ್ಲಿತ್ತು. ವಿರೋಧ ಬಂದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಜ್ಞರ ಸಮಿತಿ ರಚನೆಯಾಯಿತು. ನಾಲ್ವರಲ್ಲಿ ಮೂವರು ಪ್ರಬಂಧ ಇರಲಿ ಎಂದರು. ಆದರೂ ಆ ವರ್ಷದ ಅಕ್ಟೋಬರಿನಲ್ಲಿ ವಿದ್ಯಾವಿಷಯಕ ಪರಿಷತ್ತು (ಅಕಾಡೆಮಿಕ್ ಕೌನ್ಸಿಲ್) ಅದನ್ನು ಕೈಬಿಟ್ಟಿತು. ಕಾಯಬೇಕಾದ ಬೇಲಿಯೇ ಹೊಲ ಮೇಯ್ದಂತಾಯಿತು. ಆದರೆ ತಜ್ಞರ ಅಭಿಪ್ರಾಯ ಲಿಖಿತವಾಗಿದ್ದುದರಿಂದಲೇ, ವಿದ್ವತ್ತಿನ ಕಾರಣಕ್ಕೆ ಅದನ್ನು ತೆಗೆದದ್ದಲ್ಲ ಎಂದು ಇಂದಿಗೂ ಯಾರಾದರೂ ತೋರಿಸಬಹುದು.

ನಿಮ್ಮಲ್ಲಿ ಪಠ್ಯ ಹಾದುಹೋಗುವ ದಾರಿ ಸ್ಪಷ್ಟವಿದೆ: ಅಧ್ಯಯನ ಮಂಡಳಿ, ನಿಕಾಯ (ಫ್ಯಾಕಲ್ಟಿ), ವಿದ್ಯಾವಿಷಯಕ ಪರಿಷತ್ತು. ಬಂದ ದಾರಿಯಲ್ಲೇ ಅದು ಹೋಗಬೇಕು. ಕುಲಸಚಿವರ ಸುತ್ತೋಲೆಯಿಂದ ಪಾಠ ಬಿದ್ದುಹೋಗುವುದಿಲ್ಲ. ಅಧ್ಯಕ್ಷರಿಗೆ ಪತ್ರ ಬರೆದು ಸಭೆ ಕರೆಯಲು ಕೇಳಿ. ಕಾರ್ಯಸೂಚಿಯಲ್ಲಿ ಆ ಪಾಠದ ವಿಷಯ ಹೆಸರಿಸಿ ಬರಲಿ. ‘ಇತರೆ ವಿಷಯಗಳು’ ಎಂಬಲ್ಲಿ ತೂರಿಸಲು ಬಿಡಬೇಡಿ, ತಪ್ಪಾಗುವುದು ಅಲ್ಲಿಯೇ. ಸಭೆಯಲ್ಲಿ ಬಾಹ್ಯ ಸದಸ್ಯರ ಅಭಿಪ್ರಾಯ ಲಿಖಿತವಾಗಿ ಪಡೆಯಿರಿ. ಸೋತರೆ ಭಿನ್ನಾಭಿಪ್ರಾಯದ ಟಿಪ್ಪಣಿಯನ್ನು ಒಂದು ಪುಟ ಮೀರದಂತೆ ಬರೆದು ನಡಾವಳಿಗೆ ಲಗತ್ತಿಸಲು ಒತ್ತಾಯಿಸಿ. ಖಾಲಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಹೊರಡುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಅದನ್ನು ಬಿಡಿ.

ಸಂಘಟನೆಯ ಮನವಿಯನ್ನು ಓದದೆ ತಳ್ಳಬೇಕೆಂದು ಇದರ ಅರ್ಥವಲ್ಲ. ಪಾಠದಲ್ಲಿ ತಪ್ಪು ಮಾಹಿತಿ ಇದ್ದರೆ ತಿದ್ದಬೇಕು. ‘ತಪ್ಪಿದೆ’ ಎನ್ನುವುದಕ್ಕೂ ‘ನಮಗೆ ಹಿಡಿಸುವುದಿಲ್ಲ’ ಎನ್ನುವುದಕ್ಕೂ ಇರುವ ಅಂತರವನ್ನು ಮಂಡಳಿ ತನ್ನ ಉತ್ತರದಲ್ಲಿ ಬಿಡಿಸಿ ಬರೆಯಬೇಕು.

ಪ್ರಶ್ನೆ: ಕುಲಪತಿ ನೇಮಕದ ಸಮಯ ಬಂದಾಗಲೆಲ್ಲ ಸರ್ಕಾರ, ರಾಜ್ಯಪಾಲರ ನಡುವೆ ಎಳೆದಾಟ ಏಕೆ? ಕೊನೆಯ ಮಾತು ಯಾರದ್ದು?
— ನಿವೃತ್ತ ಮುಖ್ಯೋಪಾಧ್ಯಾಯರು, ಕೋಲಾರ

ಉತ್ತರ: ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಯಿತು. ಬೆಂಗಳೂರು ವಿಶ್ವವಿದ್ಯಾಲಯವೇ ಮೂರು ಭಾಗವಾದಾಗ 2017ರಲ್ಲಿ ನಿಮ್ಮ ಟಮಕದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಹುಟ್ಟಿತು. ಎರಡೂ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಅಡಿ. ಅದರ 14ನೇ ಕಲಮಿನಂತೆ ಶೋಧನಾ ಸಮಿತಿಯಲ್ಲಿ ನಾಲ್ವರು: ಕುಲಾಧಿಪತಿಗಳಾದ ರಾಜ್ಯಪಾಲರು, ಯುಜಿಸಿ, ರಾಜ್ಯ ಸರ್ಕಾರ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್, ಇವರಿಂದ ಒಬ್ಬೊಬ್ಬರು. ಸಮಿತಿ ಮೂವರ ಪಟ್ಟಿ ಕೊಡುತ್ತದೆ. ರಾಜ್ಯ ಸರ್ಕಾರದ ಸಹಮತಿಯೊಂದಿಗೆ ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ. ಆ ‘ಸಹಮತಿ’ ಎಂಬ ಪದದಲ್ಲೇ ಎಳೆದಾಟದ ಬೇರು ಇದೆ. ಎರಡು ಕಡೆಯೂ ಒಪ್ಪದಿದ್ದರೆ ಹಂಗಾಮಿ ಕುಲಪತಿ ಕೂರುತ್ತಾರೆ. ನಾಳೆ ಇರುತ್ತೇನೋ ಇಲ್ಲವೋ ಎಂಬ ಹಂಗಾಮಿಯವರು ಯಾವ ಫೋನಿಗೂ ‘ಇಲ್ಲ’ ಅನ್ನುವುದು ಕಷ್ಟ. ಬೋಧಕರ ಸ್ವಾತಂತ್ರ್ಯಕ್ಕೆ ಹೆಚ್ಚು ಪೆಟ್ಟು ಬೀಳುವುದು ಇಂಥ ಖಾಲಿ ತಿಂಗಳುಗಳಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಕೇರಳದ ಎರಡು ತೀರ್ಪು ಎಲ್ಲರಿಗೂ ಪಾಠ. ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿ ನೇಮಕವನ್ನು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 21ರಂದು ರದ್ದು ಮಾಡಿತು. ಸಮಿತಿ ಪಟ್ಟಿಯ ಬದಲು ಒಂದೇ ಹೆಸರು ಕೊಟ್ಟದ್ದು ಯುಜಿಸಿ ನಿಯಮಕ್ಕೆ ವಿರುದ್ಧವಾಗಿತ್ತು. ಕಣ್ಣೂರು ವಿಶ್ವವಿದ್ಯಾಲಯದ ಕುಲಪತಿಯ ಮರುನೇಮಕವನ್ನು 2023ರ ನವೆಂಬರ್ 30ರಂದು ರದ್ದು ಮಾಡಿದಾಗ ಹೇಳಿದ ಕಾರಣ ಇನ್ನೂ ಗಂಭೀರ: ರಾಜ್ಯ ಸರ್ಕಾರದ ಅನಗತ್ಯ ಹಸ್ತಕ್ಷೇಪಕ್ಕೆ ಮಣಿದು ಕುಲಾಧಿಪತಿಗಳು ತಮ್ಮ ವಿವೇಚನೆಯನ್ನೇ ಬಿಟ್ಟುಕೊಟ್ಟರು. ಇನ್ನೊಂದು ತುದಿಯಲ್ಲಿ, 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ನಿಯಮ ಶೋಧನಾ ಸಮಿತಿಯಿಂದ ರಾಜ್ಯ ಸರ್ಕಾರದ ಪ್ರತಿನಿಧಿಯನ್ನೇ ಕೈಬಿಟ್ಟಿತ್ತು. ಅದನ್ನು ವಿರೋಧಿಸಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಫೆಬ್ರುವರಿ 5ರಂದು ಬೆಂಗಳೂರಿನಲ್ಲಿ ಸೇರಿದ್ದರು. ದೆಹಲಿಯಿಂದ ಬಂದರೂ ವಿಧಾನಸೌಧದಿಂದ ಬಂದರೂ ಒತ್ತಡ ಒತ್ತಡವೇ. ಈ ಜಗಳದಲ್ಲಿ ಅಧ್ಯಾಪಕರ, ವಿದ್ಯಾರ್ಥಿಗಳ ಧ್ವನಿಗೆ ಸಮಿತಿಯಲ್ಲಿ ಜಾಗ ಕೇಳಿದವರು ಬಹಳ ಕಡಿಮೆ ಎಂಬುದು ಬೇಸರದ ಸಂಗತಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರ ಪವಾಡ ಪರಿಶೀಲನಾ ಸಮಿತಿಯನ್ನು ಒತ್ತಡದಿಂದ ನಿಲ್ಲಿಸಿದರೇ?
— ಓದುಗರು, ಗೌರಿಬಿದನೂರು

ಉತ್ತರ: ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಪರೀಕ್ಷಿಸಬಹುದಾದ ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿದರು. ಪಾಂಡವಪುರದ ಬಾಲಕನೊಬ್ಬ ವಿಭೂತಿ ಸೃಷ್ಟಿಸುತ್ತಾನೆ ಎಂಬ ಪ್ರಚಾರದ ಹಿಂದೆ, ಬಟ್ಟೆಯೊಳಗೆ ಬಚ್ಚಿಟ್ಟ ವಿಭೂತಿ ಇದ್ದುದನ್ನು ಸಮಿತಿ ಪತ್ತೆ ಮಾಡಿತು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಎಚ್ಚೆನ್ ಮೂರು ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು, ಬಾಬಾ ಒಪ್ಪಲಿಲ್ಲ. ‘ಇದು ವಿಶ್ವವಿದ್ಯಾಲಯದ ಕೆಲಸವೇ?’ ಎಂಬ ಟೀಕೆ ಬಹಳ ಬಂತು. 1977ರಲ್ಲಿ ಅವರು ಕುಲಪತಿ ಸ್ಥಾನ ಬಿಡುತ್ತಿದ್ದಂತೆ ಸಮಿತಿಯೂ ಮುಗಿಯಿತು. ಸಮಿತಿ ನಿಂತದ್ದು ಕುಲಪತಿಯೊಬ್ಬರ ಎದೆಗಾರಿಕೆಯ ಮೇಲೆ. ಒಂದು ವಿಭಾಗದ ಕಾಯಂ ಕೆಲಸವಾಗಿ, ಪರಿನಿಯಮದಲ್ಲಿ ದಾಖಲಾಗಿ ಬೇರೂರಿದ್ದರೆ ಅದನ್ನು ತೆಗೆಯಲು ಒಂದು ಸಭೆ, ಒಂದು ನಿರ್ಣಯವಾದರೂ ಬೇಕಾಗುತ್ತಿತ್ತು.

ಪ್ರಶ್ನೆ: ಸರ್ಕಾರಿ ಕಾಲೇಜಿನ ಅಧ್ಯಾಪಕರು ಪತ್ರಿಕೆಗೆ ಲೇಖನ ಬರೆಯಲು ಅನುಮತಿ ಬೇಕೇ?
— ಸಹಾಯಕ ಪ್ರಾಧ್ಯಾಪಕರು, ಮಧುಗಿರಿ

ಉತ್ತರ: ಸರ್ಕಾರಿ ಕಾಲೇಜಿನವರಿಗೆ ನಾಗರಿಕ ಸೇವಾ ನಡತೆ ನಿಯಮಗಳು, 2021 ಅನ್ವಯಿಸುತ್ತವೆ. ವಿಶ್ವವಿದ್ಯಾಲಯದ ಅಧ್ಯಾಪಕರಿಗೆ ಆಯಾ ವಿಶ್ವವಿದ್ಯಾಲಯದ ಪರಿನಿಯಮ ನೋಡಬೇಕು. ಇಬ್ಬರಿಗೂ ಒಂದೇ ಎಂದು ತಿಳಿಯುವುದು ಸಾಮಾನ್ಯ ತಪ್ಪು. ನಡತೆ ನಿಯಮ ಸರ್ಕಾರದ ನೀತಿಯ ಸಾರ್ವಜನಿಕ ಟೀಕೆಯನ್ನು ತಡೆಯುತ್ತದೆ. ಹಾಗಾಗಿ ‘ಸರ್ಕಾರದ ಈ ಯೋಜನೆ ಮೋಸ’ ಎಂಬ ಲೇಖನಕ್ಕೂ ‘ಈ ಯೋಜನೆಯ ಐದು ವರ್ಷದ ಅಂಕಿಅಂಶ ಹೀಗಿದೆ’ ಎಂಬ ಸಂಶೋಧನಾ ಲೇಖನಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ವಿದ್ವತ್ ಪತ್ರಿಕೆಯಲ್ಲಿ ಮೊದಲು ಪ್ರಕಟಿಸಿ, ದಿನಪತ್ರಿಕೆಯಲ್ಲಿ ಅದರ ಸಾರ ಬರೆಯುವುದು ಗಟ್ಟಿ ದಾರಿ. ಅನುಮತಿ ಕೇಳುವುದಾದರೆ ಲೇಖನದ ಕರಡು ಲಗತ್ತಿಸಿ ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ಸರ್ಕಾರಿ ನೌಕರರು ನೌಕರಿ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಕಳೆದುಕೊಳ್ಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ.

ಅಮಾನತು ಮಾಡಿದರೆ, ಮೂರು ತಿಂಗಳೊಳಗೆ ದೋಷಾರೋಪ ಪಟ್ಟಿ ಕೊಡದೆ ಅಮಾನತು ಮುಂದುವರಿಸಬಾರದು ಎಂಬ 2015ರ ಅಜಯ್ ಕುಮಾರ್ ಚೌಧರಿ ತೀರ್ಪು ನಿಮ್ಮ ಕೈಯಲ್ಲಿರಲಿ. ಸರ್ಕಾರಿ ಕಾಲೇಜಿನವರು ಹೋಗಬೇಕಾದದ್ದು ರಾಜ್ಯ ಆಡಳಿತ ನ್ಯಾಯಮಂಡಳಿಗೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ಓದುಗುಂಪು ಮಾಡಿಕೊಂಡಿದ್ದಕ್ಕೆ ‘ರಾಜಕೀಯ ಚಟುವಟಿಕೆ’ ಎಂದು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದಾರೆ.
— ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ನೋಟಿಸಿನಲ್ಲಿ ಯಾವ ನಿಯಮ ಮುರಿದಿರಿ ಎಂದು ಬರೆದಿದ್ದಾರೆಯೇ ನೋಡಿ. ಇಲ್ಲದಿದ್ದರೆ ಉತ್ತರದ ಮೊದಲ ಸಾಲಿನಲ್ಲೇ ಅದನ್ನು ಕೇಳಿ. ಗಡುವು ತಪ್ಪಿಸಬೇಡಿ. ನಂತರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ ದೂರು ಕೊಡಿ. ಯುಜಿಸಿಯ 2023ರ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನಗಳೊಳಗೆ, ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ, ಅವರು ತೀರ್ಮಾನಿಸಲು 30 ದಿನ. ಓದುವ ಪುಸ್ತಕಗಳ ಪಟ್ಟಿ, ಸೇರಿದ ದಿನಾಂಕಗಳು, ವಾರ್ಡನ್‌ಗೆ ತಿಳಿಸಿದ ದಾಖಲೆ ಇದ್ದರೆ ಜೊತೆಗಿಡಿ. ಮನೆಯವರಿಗೆ ಕಾಲೇಜಿನವರು ಫೋನ್ ಮಾಡುವ ಮುಂಚೆ ನೀವೇ ವಿಷಯ ಹೇಳಿಬಿಡಿ. ಹೆಣ್ಣುಮಕ್ಕಳ ವಿಷಯದಲ್ಲಿ ನೋಟಿಸಿಗಿಂತ ಆ ಫೋನೇ ದೊಡ್ಡ ಆಯುಧ.

ಪ್ರಶ್ನೆ: ಪಿಎಚ್.ಡಿ. ಮಾಡುತ್ತಿದ್ದೇನೆ. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು ತುಂಬಿದ ಕೋಲಾರದ ಕೆರೆಗಳು ಮತ್ತು ಅಕ್ಕಪಕ್ಕದ ಕೊಳವೆಬಾವಿಗಳ ನೀರನ್ನು ಪರೀಕ್ಷಿಸುವುದು ನನ್ನ ವಿಷಯ. ಮೊದಲ ಫಲಿತಾಂಶ ನೋಡಿದ ಮೇಲೆ ‘ಇದು ಸೂಕ್ಷ್ಮ, ವಿಷಯ ಬದಲಿಸು’ ಎನ್ನುತ್ತಿದ್ದಾರೆ.
— ಸಂಶೋಧನಾರ್ಥಿ, ಕೋಲಾರ

ಉತ್ತರ: ಆ ಸಂಸ್ಕರಿತ ನೀರನ್ನು ಕೋಲಾರಕ್ಕೆ ತರುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಹರಿದಾಗಿನಿಂದ ಈ ವಿಷಯಕ್ಕೆ ಎರಡು ಕಡೆಯ ರಾಜಕೀಯವೂ ಅಂಟಿಕೊಂಡಿದೆ. ಬತ್ತಿದ ಕೊಳವೆಬಾವಿಗೆ ನೀರು ಬಂತು ಎಂಬ ಸಂತೋಷವೂ ನಿಜ, ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಎಂಬ ಆತಂಕವೂ ನಿಜ. ನಿಮ್ಮ ಫಲಿತಾಂಶ ಯಾರಿಗೆ ಅನುಕೂಲವಾದರೂ ಇನ್ನೊಬ್ಬರು ಮೊದಲು ಹುಡುಕುವುದು ನಿಮ್ಮ ವಿಧಾನದ ದೋಷವನ್ನು. ಆದ್ದರಿಂದ ರಕ್ಷಣೆ ಪ್ರಯೋಗಾಲಯದಿಂದ ಶುರುವಾಗಬೇಕು.

ಭಾರಲೋಹಗಳ ಮಾದರಿಯನ್ನು ಪಾಲಿಎಥಿಲೀನ್ ಬಾಟಲಿಯಲ್ಲಿ ತೆಗೆದು, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ. ಹಾಗೆ ಇಟ್ಟರೆ ಆರು ತಿಂಗಳವರೆಗೆ ಪರೀಕ್ಷಿಸಬಹುದು. ಆಮ್ಲ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಫಲಿತಾಂಶ ಕಡಿಮೆ ಬರುತ್ತದೆ. ನೈಟ್ರೇಟ್‌ಗೆ ಬೇರೆ ಬಾಟಲಿ, ಆಮ್ಲ ಬೇಡ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 48 ಗಂಟೆಯೊಳಗೆ ಮುಗಿಸಿ. ಪ್ರತಿ ಹತ್ತು ಮಾದರಿಗೆ ಒಂದು ಜೋಡಿ ಮಾದರಿ, ಪ್ರತಿ ಸುತ್ತಿಗೆ ಶುದ್ಧ ನೀರಿನ ಒಂದು ಖಾಲಿ ಮಾದರಿ ಇರಲಿ. ತೆಗೆದ ಜಾಗದ ಜಿಪಿಎಸ್, ಸಮಯ, ತೆಗೆದವರ ಸಹಿ, ಒಪ್ಪಿಸಿಕೊಂಡವರ ಸಹಿ ಒಂದೇ ಹಾಳೆಯಲ್ಲಿ ಬರಲಿ. ಮಾದರಿಯ ಒಂದು ಭಾಗವನ್ನು ಎನ್ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಹೊರಗಿನ ಪ್ರಯೋಗಾಲಯಕ್ಕೂ ಕಳಿಸಿ. ಹೋಲಿಕೆಗೆ ಕುಡಿಯುವ ನೀರಿನ ಮಾನದಂಡ ಐಎಸ್ 10500:2012 ಬಳಸಿ: ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1.0 (ಬೇರೆ ಮೂಲವಿಲ್ಲದಿದ್ದರೆ 1.5). ಕೋಲಾರದ ಆಳದ ನೀರಿನಲ್ಲಿ ಫ್ಲೋರೈಡ್ ಹಿಂದಿನಿಂದಲೂ ಇದೆ. ಅದನ್ನು ಯೋಜನೆಯ ತಲೆಗೆ ಕಟ್ಟಿದರೆ ನಿಮ್ಮ ಇಡೀ ಪ್ರಬಂಧ ಅನುಮಾನಕ್ಕೆ ಬೀಳುತ್ತದೆ. ಈ ನೀರು ತಲುಪದ ಕೆರೆಗಳ ಸುತ್ತಲಿನ ಬಾವಿಗಳನ್ನೂ ಹೋಲಿಕೆಗೆ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ.

ಇನ್ನು ಕಾಗದದ ಕಡೆ. ನಿಮ್ಮ ವಿಷಯ ಒಪ್ಪಿಗೆಯಾಗಿದ್ದರೆ ಅದನ್ನು ಬದಲಿಸುವ ಮಾತು ಸಂಶೋಧನಾ ಸಲಹಾ ಸಮಿತಿಯಲ್ಲಿ ಬರಬೇಕು. ಯುಜಿಸಿಯ 2022ರ ಪಿಎಚ್.ಡಿ. ನಿಯಮದಂತೆ ಪ್ರತಿ ಸೆಮಿಸ್ಟರಿಗೊಮ್ಮೆ ಆ ಸಮಿತಿಯ ಮುಂದೆ ಪ್ರಗತಿ ಒಪ್ಪಿಸಬೇಕಷ್ಟೆ. ಆ ಮಂಡನೆಯನ್ನು ಒಂದೂ ತಪ್ಪಿಸಬೇಡಿ, ಪ್ರತಿ ಸಲದ ವರದಿಯ ಸಹಿಯಾದ ಪ್ರತಿ ಇಟ್ಟುಕೊಳ್ಳಿ. ‘ಪ್ರಗತಿ ತೃಪ್ತಿಕರವಲ್ಲ’ ಎಂದು ಬರೆದು ನೋಂದಣಿ ರದ್ದು ಮಾಡುವುದು ಒತ್ತಡದ ಅತಿ ಸುಲಭ ದಾರಿ. ಒಪ್ಪಿತ ಸಾರಲೇಖ, ಪಿಎಚ್.ಡಿ. ಸಾರಲೇಖಗಳ ಆನ್‌ಲೈನ್ ಭಂಡಾರವಾದ ಶೋಧಗಂಗೋತ್ರಿಯಲ್ಲಿ ಸೇರಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಲು ಗ್ರಂಥಪಾಲಕರಿಗೆ ಬರೆಯಿರಿ. ಅಲ್ಲಿ ದಿನಾಂಕದೊಂದಿಗೆ ಇದ್ದ ವಿಷಯವನ್ನು ಸದ್ದಿಲ್ಲದೆ ಬದಲಿಸುವುದು ಕಷ್ಟ. ಕೃತಿಚೌರ್ಯದ ಸುಳ್ಳು ದೂರೂ ಬರಬಹುದು. ಪ್ರತಿ ಅಧ್ಯಾಯದ ಸಾಮ್ಯತಾ ವರದಿ (ಬೇರೆ ಬರಹಗಳನ್ನು ಅದು ಎಷ್ಟು ಹೋಲುತ್ತದೆ ಎಂಬ ವರದಿ) ತೆಗೆದಿಟ್ಟುಕೊಳ್ಳಿ, ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ.

ಲಿಖಿತ ಆದೇಶ ಕೊಟ್ಟು ಕಾರಣ ಹೇಳದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಬಳಸಿ: ಆಡಳಿತಾತ್ಮಕ ತೀರ್ಮಾನದ ಕಾರಣವನ್ನು ಅದರಿಂದ ಬಾಧಿತರಾದವರಿಗೆ ಸಾರ್ವಜನಿಕ ಪ್ರಾಧಿಕಾರ ಕೊಡಲೇಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ‘ಏಕೆ ಬದಲಿಸಿದಿರಿ?’ ಎಂದು ಕೇಳಿದರೆ ‘ಪ್ರಶ್ನೆಗೆ ಉತ್ತರಿಸಲು ಅವಕಾಶವಿಲ್ಲ’ ಎಂದು ತಿರಸ್ಕರಿಸುತ್ತಾರೆ. ‘ಇಂಥ ದಿನಾಂಕದ ಸಮಿತಿ ನಡಾವಳಿ, ಟಿಪ್ಪಣಿ ಹಾಳೆ ಮತ್ತು ಆ ವಿಷಯದ ಪತ್ರವ್ಯವಹಾರದ ದೃಢೀಕೃತ ಪ್ರತಿ ಕೊಡಿ’ ಎಂದು ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಈ ನಡುವೆ ಮಾದರಿ ಸಂಗ್ರಹ ನಿಲ್ಲದಿರಲಿ. ಮಳೆಗಾಲಕ್ಕೆ ಮುಂಚಿನ ಸುತ್ತು ತಪ್ಪಿದರೆ ಹೋಲಿಕೆಗೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.